ಕಂಬಳಿಯ ಕಿಡಿ, ಕಾರೊರೆಸುವ ಬಟ್ಟೆ

ಚಳಿಗಾಲದ ರಾತ್ರಿ ಚಳ್ಳಕೆರೆ ಸೀಮೆಯಲ್ಲಿ ಟೆರಿಲಿನ್ ಅಂಗಿಯ ಮೇಲಿಂದ ಕರಿ ಕಂಬಳಿಯನ್ನು ಸರಕ್ಕನೆ ಎಳೆದರೆ ಚಟಪಟ ಸದ್ದಾಗುತ್ತದೆ. ದೀಪ ಆರಿಸಿದ್ದರೆ ಸಣ್ಣ ನೀಲಿ ಕಿಡಿಗಳೂ ಕಾಣುತ್ತವೆ. ಅದೇ ಊರಿನ ವಾಟರ್ ಸರ್ವಿಸ್ ಅಂಗಡಿಯಲ್ಲಿ ಒಣಗಿದ ಮೈಕ್ರೋಫೈಬರ್ ಟವೆಲ್‌ಗಳನ್ನು ಗುಡ್ಡೆಯಿಂದ ಒಂದೊಂದಾಗಿ ಬಿಡಿಸುವಾಗಲೂ ಅದೇ ಸದ್ದು. ಅದು ಕುರಿಯ ಉಣ್ಣೆ, ಇದು ಕಾರ್ಖಾನೆಯ ಎಳೆ. ಎರಡರಲ್ಲೂ ತೋರಿಕೊಳ್ಳುವುದು ಸ್ಥಾಯಿ ವಿದ್ಯುತ್.

ಕಂಬಳಿಯ ಕಿಡಿಯಿಂದ ಕೇಡೇನಿಲ್ಲ. ಮೈ ಜುಮ್ಮೆನ್ನುವಷ್ಟು ಕಿಡಿ ಹಾರಬೇಕಾದರೆ ಸುಮಾರು 3000 ವೋಲ್ಟ್ ಬೇಕು ಎಂದರೆ ಗಾಬರಿಯಾಗಬಹುದು, ಆದರೆ ಹರಿಯುವ ವಿದ್ಯುತ್ತು ತೀರಾ ಅಲ್ಪ, ಅದೂ ಕ್ಷಣಮಾತ್ರ. ಕಾರೊರೆಸುವ ಬಟ್ಟೆಯ ಕತೆ ಬೇರೆ. ವಿದ್ಯುತ್ತು ತುಂಬಿದ ಒಣ ಟವೆಲ್ ಗಾಳಿಯಲ್ಲಿರುವ ದೂಳನ್ನೆಲ್ಲ ತನ್ನತ್ತ ಎಳೆದುಕೊಳ್ಳುತ್ತದೆ. ಅದರಿಂದ ಕಾರಿನ ಬಾನೆಟ್ ಉಜ್ಜಿದರೆ ಬಣ್ಣದ ಮೇಲಿನ ಪಾರದರ್ಶಕ ಲೇಪಕ್ಕೂ ವಿದ್ಯುತ್ತು ಹತ್ತುತ್ತದೆ. ಈಗಷ್ಟೇ ಒರೆಸಿದ ಕಪ್ಪು ಕಾರು ಹತ್ತು ನಿಮಿಷದಲ್ಲಿ ಮತ್ತೆ ಮಾಸಲು ಕಾಣುತ್ತದೆ. ಮತ್ತೆ ಒಣ ಬಟ್ಟೆ ಹಿಡಿದು ಉಜ್ಜಿದರೆ ಆ ದೂಳಿನ ಕಣಗಳೇ ಬಣ್ಣವನ್ನು ಗೀರುತ್ತವೆ. ಬಿಸಿಲಿಗೆ ನಿಲ್ಲಿಸಿದಾಗ ಕಾರಿನ ಮೇಲೆ ಜೇಡರಬಲೆಯಂತೆ ಕಾಣುವ ಗೀರುಗಳಲ್ಲಿ ಹೆಚ್ಚಿನವು ಹೀಗೆ ಒರೆಸಿ ಒರೆಸಿಯೇ ಬಂದವು.

ಎರಡು ಬೇರೆ ಬೇರೆ ವಸ್ತುಗಳು ತಾಕಿ ದೂರವಾದಾಗ ಒಂದರ ಮೈಮೇಲಿನ ಕೆಲವು ಎಲೆಕ್ಟ್ರಾನುಗಳು ಇನ್ನೊಂದಕ್ಕೆ ಹೋಗುತ್ತವೆ. ಉಜ್ಜಿದರೆ ತಾಕುವ ಜಾಗ ಹೆಚ್ಚುತ್ತದೆ, ಅಷ್ಟೆ. ಉಣ್ಣೆ ಮತ್ತು ನೈಲಾನ್ ಎಲೆಕ್ಟ್ರಾನು ಬಿಟ್ಟುಕೊಡುವ ಸ್ವಭಾವದವು. ಪಾಲಿಯೆಸ್ಟರ್ ಕಿತ್ತುಕೊಳ್ಳುವ ಸ್ವಭಾವದ್ದು. ಹತ್ತಿ ಇವುಗಳ ನಡುವೆ ಎಲ್ಲೋ ನಿಲ್ಲುತ್ತದೆ. ಕಂಬಳಿಗೂ ಟೆರಿಲಿನ್ ಅಂಗಿಗೂ ಕಿಡಿ ಹಾರುವುದು ಇದಕ್ಕೇ, ಟೆರಿಲಿನ್ ಎಂದರೂ ಪಾಲಿಯೆಸ್ಟರೇ. ಇನ್ನು ಮೈಕ್ರೋಫೈಬರ್ ಟವೆಲ್ ನೋಡಿ: ಅದರಲ್ಲಿ ಸಾಮಾನ್ಯವಾಗಿ 80 ಪಾಲು ಪಾಲಿಯೆಸ್ಟರ್, 20 ಪಾಲು ನೈಲಾನ್ ಜಾತಿಯ ಪಾಲಿಅಮೈಡ್. ಕೊಡುವುದೂ ಕಿತ್ತುಕೊಳ್ಳುವುದೂ ಒಂದೇ ಬಟ್ಟೆಯಲ್ಲಿ ಸೇರಿಕೊಂಡಿವೆ!

ಹುಟ್ಟಿದ ವಿದ್ಯುತ್ತು ಉಳಿಯುತ್ತದೋ ಸೋರಿಹೋಗುತ್ತದೋ ಎಂಬುದನ್ನು ತೀರ್ಮಾನಿಸುವುದು ತೇವ. ಎಳೆಯ ಮೈಮೇಲೆ ನೀರಿನ ತೆಳುಪೊರೆಯಿದ್ದರೆ ಅದರ ಮೂಲಕ ವಿದ್ಯುತ್ತು ಹರಿದುಹೋಗುತ್ತದೆ. ಕರಾವಳಿಯಲ್ಲಿ ಈ ತೊಂದರೆ ಅಷ್ಟಾಗಿ ಕಾಣದಿರುವುದಕ್ಕೆ ಅಲ್ಲಿನ ಗಾಳಿಯೇ ಕಾರಣ. ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳು ರಾಜ್ಯದಲ್ಲೇ ತೀರಾ ಕಡಿಮೆ ಮಳೆ ಬೀಳುವ ಜಾಗಗಳು, ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು. ಸಂಕ್ರಾಂತಿ ಕಳೆದ ಮೇಲೆ ಮಧ್ಯಾಹ್ನದ ಗಾಳಿಯಲ್ಲಿ ತೇವ ಹುಡುಕಿದರೂ ಸಿಗುವುದಿಲ್ಲ. ಗಾಳಿಯ ಸಾಪೇಕ್ಷ ತೇವ ಶೇಕಡಾ 40ಕ್ಕಿಂತ ಇಳಿದರೆ ಕಿಡಿಗಳ ಕಾಟ ಶುರುವಾಗುತ್ತದೆ.

ಎಲ್ಲ ಎಳೆಗಳೂ ತೇವವನ್ನು ಒಂದೇ ಬಗೆಯಲ್ಲಿ ಹಿಡಿದುಕೊಳ್ಳುವುದಿಲ್ಲ. ಹದವಾದ ಹವೆಯಲ್ಲಿ ಉಣ್ಣೆ ತನ್ನ ತೂಕದ ಶೇಕಡಾ 16ರಷ್ಟು, ರೇಷ್ಮೆ 11ರಷ್ಟು, ಹತ್ತಿ 8ರಷ್ಟು, ನೈಲಾನ್ 4ರಷ್ಟು ನೀರನ್ನು ಗಾಳಿಯಿಂದಲೇ ಹೀರಿಟ್ಟುಕೊಳ್ಳುತ್ತವೆ. ಪಾಲಿಯೆಸ್ಟರ್ ಹಿಡಿಯುವುದು ಬರೀ 0.4. ಇಡೀ ಅಧ್ಯಾಯದಲ್ಲಿ ಒಂದೇ ಒಂದು ಅಂಕಿ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಈ ಸೀಮೆಯ ನೇಕಾರರಿಗೆ ತೇವದ ಬೆಲೆ ಹಿಂದಿನಿಂದಲೂ ಗೊತ್ತು. ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಯುವ ಗುಂಡಿಮಗ್ಗದಲ್ಲಿ ನೇಕಾರ ನೆಲದ ಮಟ್ಟದಲ್ಲಿ ಕೂತು, ಕಾಲನ್ನು ಗುಂಡಿಯೊಳಗೆ ಇಳಿಬಿಟ್ಟು ತುಳಿಯುತ್ತಾನೆ. ನೆಲದ ತಂಪು ಹಾಸಿನ ಎಳೆಗಳಿಗೆ ತಗಲುತ್ತಿರುತ್ತದೆ. ಹವೆ ತೀರಾ ಒಣಗಿದರೆ ರೇಷ್ಮೆ ಎಳೆಗಳು ಒಂದನ್ನೊಂದು ದೂಡಿ ಚೆದುರುತ್ತವೆ, ತುಂಡಾಗುತ್ತವೆ. ಚಳ್ಳಕೆರೆ ಕಡೆಯ ಕಂಬಳಿ ನೇಕಾರರು ಉಣ್ಣೆಯ ಹಾಸಿನ ಎಳೆಗಳಿಗೆ ಹುಣಸೆಬೀಜದ ಗಂಜಿ ಬಳಿಯುತ್ತಾರೆ. ನೂಲು ಗಟ್ಟಿಯಾಗಿ, ಎದ್ದ ಕೂದಲೆಳೆಗಳು ಮಲಗಲಿ ಎಂಬುದು ಅದರ ಮುಖ್ಯ ಉದ್ದೇಶವಾದರೂ ಎಳೆಗಳಲ್ಲಿ ತೇವ ನಿಲ್ಲಲೂ ಅದು ನೆರವಾಗುತ್ತದೆ.

ಮೈಕ್ರೋಫೈಬರ್ ಎಷ್ಟು ನವುರು ಎಂಬುದನ್ನೂ ಮೊಳಕಾಲ್ಮೂರಿನ ಅಳತೆಯಲ್ಲೇ ಹೇಳಬಹುದು. ರೇಷ್ಮೆ ವ್ಯಾಪಾರದಲ್ಲಿ 20-22 ಡೆನಿಯರ್ ನೂಲು ಎಂದರೆ 9 ಕಿಲೋಮೀಟರ್ ಉದ್ದದ ನೂಲು 20ರಿಂದ 22 ಗ್ರಾಂ ತೂಗುತ್ತದೆ ಎಂದರ್ಥ. ಆ ನೂಲಿನೊಳಗಿನ ಒಂಟಿ ರೇಷ್ಮೆ ಎಳೆ ಅಂಟು ತೆಗೆದ ಮೇಲೆ 1 ಡೆನಿಯರ್‌ಗಿಂತ ತುಸು ಹೆಚ್ಚು. ಅದಕ್ಕಿಂತಲೂ ಕೆಳಗಿಳಿದದ್ದು ಮೈಕ್ರೋಫೈಬರ್. ಒಳ್ಳೆಯ ಟವೆಲಿನಲ್ಲಿ ಸೀಳಿದ ಎಳೆಗಳು 0.1ರಿಂದ 0.2 ಡೆನಿಯರ್ ಇರುತ್ತವೆ. ಆ ಸೀಳುಗಳ ಸಂದಿಯಲ್ಲೇ ನೀರೂ ದೂಳೂ ಸಿಕ್ಕಿಕೊಳ್ಳುವುದು. ಆ ಸಂದಿಗಳನ್ನು ಮುಚ್ಚಿಕೊಳ್ಳದಂತೆ ಕಾಯುವುದೇ ಒಗೆತದ ಗುಟ್ಟು.

ಅಂಗಡಿಯವರು ಮೊದಲು ಹೇಳುವ ಉಪಾಯ ಫ್ಯಾಬ್ರಿಕ್ ಕಂಡೀಷನರ್. ಸ್ಥಾಯಿ ವಿದ್ಯುತ್ತಿಗೆ ಅದು ಖಂಡಿತ ಮದ್ದು. ಅದರ ಅಣುವಿನ ಒಂದು ತುದಿ ಎಳೆಗೆ ಕಚ್ಚಿಕೊಳ್ಳುತ್ತದೆ, ಕೊಬ್ಬಿನಂಥ ಇನ್ನೊಂದು ತುದಿ ಹೊರಗೆ ಚಾಚಿಕೊಳ್ಳುತ್ತದೆ. ಎಳೆಗಳ ನಡುವಿನ ತಿಕ್ಕಾಟ ತಗ್ಗಿ, ಮೈಮೇಲೆ ಅಷ್ಟಿಷ್ಟು ತೇವವೂ ನಿಲ್ಲುತ್ತದೆ. ಸೀರೆ, ಪಂಚೆಗೆ ಇದು ಸರಿ. ಕಾರೊರೆಸುವ ಟವೆಲಿಗೆ ಬೇಡವೇ ಬೇಡ. ಆ ಕೊಬ್ಬಿನ ಲೇಪ ಸಂದಿಗಳನ್ನು ತುಂಬಿ ಬಟ್ಟೆ ನೀರು ಹೀರುವುದನ್ನು ಕೆಡಿಸುತ್ತದೆ, ಗಾಜಿನ ಮೇಲೆ ಜಿಡ್ಡಿನ ಗೆರೆ ಬಿಡುತ್ತದೆ. ಕಿಡಿ ಹೋಯಿತೆಂದು ಟವೆಲಿನ ಕಸುಬನ್ನೇ ಕಳೆದುಕೊಂಡಂತಾಗುತ್ತದೆ.

ಇಲ್ಲಿನ ಕೊಳವೆಬಾವಿ ನೀರು ಗಡಸು. ಸಾಬೂನು ಅದರಲ್ಲಿ ನೊರೆ ಬಿಡದೆ ಸುಣ್ಣದೊಂದಿಗೆ ಕೂಡಿ ಬಿಳಿ ಗಸಿಯಾಗುತ್ತದೆ, ಗಸಿ ಎಳೆಗಳಿಗೆ ಅಂಟಿ ಟವೆಲ್ ಒರಟಾಗುತ್ತದೆ. ಆದ್ದರಿಂದ ಬಾರ್ ಸಾಬೂನೂ ಬೇಡ, ಕರಗದೆ ಹರಳುಳಿಯುವ ಪುಡಿಯೂ ಬೇಡ, ದ್ರವ ಡಿಟರ್ಜೆಂಟ್ ಸ್ವಲ್ಪ ಸಾಕು. ಬ್ಲೀಚಿಂಗ್ ಪುಡಿ ಹತ್ತಿರವೂ ಸುಳಿಯಬಾರದು, ಕ್ಲೋರಿನ್ ನೈಲಾನನ್ನು ತಿಂದುಹಾಕುತ್ತದೆ. ನೀರು ಬೆಚ್ಚಗಿರಲಿ, 40 ಡಿಗ್ರಿ ದಾಟದಿರಲಿ. ಹತ್ತಿಯ ಜೊತೆ ಹಾಕಿದರೆ ಅದರ ಜುಂಗು ಇದಕ್ಕೆ ಹತ್ತುತ್ತದೆ. ಉಣ್ಣೆಯ ಜೊತೆಯೂ ಹಾಕಬಾರದು. ಎರಡು ಸಲ ಜಾಲಿಸಿದ ಮೇಲೆ ಕೊನೆಯ ಬಾರಿಗೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ಕ್ಯಾನಿನ ನೀರು ಅರ್ಧ ಬಕೆಟ್ ಬಳಸಿದರೆ ಟವೆಲ್ ಮೆತ್ತಗಿರುತ್ತದೆ. ಮಳೆನೀರು ಹಿಡಿದಿಟ್ಟಿದ್ದರೆ ಇನ್ನೂ ಒಳ್ಳೆಯದು.

ವಿನೆಗರ್ ಹಾಕಿ ಜಾಲಿಸಿದರೆ ಕಿಡಿ ಹೋಗುತ್ತದೆ ಎಂಬ ಮಾತು ಬಹಳ ಕಡೆ ಓಡಾಡುತ್ತಿದೆ. ಒಂದು ಬಕೆಟ್ ನೀರಿಗೆ ಅರ್ಧ ಲೋಟ ಬಿಳಿ ವಿನೆಗರ್ ಸುಣ್ಣದ ಗಸಿಯನ್ನು ಕರಗಿಸುತ್ತದೆ, ಉಳಿದ ಡಿಟರ್ಜೆಂಟಿನ ಕ್ಷಾರವನ್ನು ತೆಗೆಯುತ್ತದೆ, ಗಡಸು ನೀರಿನ ಊರಿಗೆ ಅದು ದೊಡ್ಡ ಉಪಕಾರ. ಆದರೆ ಒಣಗುವಾಗ ಅದು ಹಾರಿಹೋಗುತ್ತದೆ, ವಿದ್ಯುತ್ತನ್ನು ಸೋರಿಸುವಂಥದ್ದು ಬಟ್ಟೆಯಲ್ಲಿ ಏನೂ ಉಳಿಯುವುದಿಲ್ಲ. ಅದರಿಂದ ಮೆತ್ತನೆ ಬಟ್ಟೆ ಸಿಗುತ್ತದೆ, ಕಿಡಿಗೆ ಬೇರೆ ದಾರಿ ನೋಡಬೇಕು.

ಆ ದಾರಿ ಇರುವುದು ಒಣಗಿಸುವುದರಲ್ಲಿ. ಡ್ರೈಯರ್‌ನಲ್ಲಿ ಕಿಡಿ ಹುಟ್ಟುವುದು ಕೊನೆಯ ಕೆಲವು ನಿಮಿಷಗಳಲ್ಲಿ: ಉಳಿದಿದ್ದ ತೇವ ಹಾರಿಹೋದ ಮೇಲೂ ಡ್ರಮ್ಮು ತಿರುಗುತ್ತ ಬಟ್ಟೆಗಳನ್ನು ಒಂದರ ಮೇಲೊಂದು ಕೆಡವುತ್ತಿರುತ್ತದೆ. ಶಾಖ ಹೆಚ್ಚಾದರೆ ನವುರು ಎಳೆಗಳ ತುದಿ ಸುರುಟಿ ಒರಟಾಗುತ್ತದೆ. ಕಡಿಮೆ ಶಾಖ ಇಟ್ಟು, ಕೈಗೆ ತುಸು ತಣ್ಣಗೆ ತಾಕುವಾಗಲೇ ಹೊರತೆಗೆದು ಹರವಬೇಕು. ನಮ್ಮ ಸೀಮೆಯಲ್ಲಿ ಡ್ರೈಯರ್ ಬೇಕೇ ಆಗಿಲ್ಲ, ಹಗ್ಗದ ಮೇಲೆ ಹಾಕಿದರೆ ತಿಕ್ಕಾಟವಿಲ್ಲದೆ ಒಣಗುತ್ತದೆ. ಆಷಾಢದ ಗಾಳಿಗೆ ಮಾತ್ರ ಅಂಗಳದ ಹಗ್ಗ ಒಗ್ಗದು. ಪಟಪಟ ಬಡಿದುಕೊಳ್ಳುವ ಟವೆಲ್ ಹೊಲದ ದೂಳನ್ನು ತುಂಬಿಕೊಳ್ಳುತ್ತದೆ. ಆಗ ಪಡಸಾಲೆಯ ನೆರಳೇ ಲೇಸು. ಡಬ್ಬಿಗೆ ತುಂಬುವ ಮೊದಲು ತೇವ ಪೂರ್ತಿ ಆರಿರಲಿ, ಇಲ್ಲದಿದ್ದರೆ ಮುಗ್ಗಲು ವಾಸನೆ ಹಿಡಿಯುತ್ತದೆ.

ಡಬ್ಬಿಯಿಂದ ತೆಗೆದ ಟವೆಲ್ ಹೇಗೂ ಒಣಗಿಯೇ ಇರುತ್ತದೆ. ಬಳಸುವ ಮುನ್ನ ಸ್ಪ್ರೇ ಬಾಟಲಿಯಿಂದ ಎರಡು ಮೂರು ಸಲ ನೀರಿನ ತುಂತುರು ಹೊಡೆದು, ಮಡಿಸಿ ಹಿಚುಕಿದರೆ ತೇವ ಎಲ್ಲ ಕಡೆ ಹರಡುತ್ತದೆ. ನೀರು ತೊಟ್ಟಿಕ್ಕುವಷ್ಟು ಬೇಡ. ಕಾರಿನ ಸುತ್ತ ನೆಲಕ್ಕೆ ಒಂದೆರಡು ಚೊಂಬು ನೀರು ಚಿಮುಕಿಸಿದರೆ ದೂಳೂ ಅಡಗುತ್ತದೆ. ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ಕಿಗೂ ಇದೇ ಕ್ರಮ: ಒಣ ಬಟ್ಟೆಯಲ್ಲಿ ಹೊಳಪು ಬರಲೆಂದು ತಿಕ್ಕುತ್ತ ಕೂರದೆ, ತೇವದ ಬಟ್ಟೆಯಲ್ಲಿ ಒಮ್ಮೆ ಒರೆಸಿ ತಾನಾಗಿ ಆರಲು ಬಿಡಬೇಕು. ಒಂದು ಸಲ ನೆಲಕ್ಕೆ ಬಿದ್ದ ಟವೆಲ್ ಎಷ್ಟೇ ಹೊಸದಿದ್ದರೂ ಒಗೆಯುವ ತನಕ ಬಣ್ಣದ ಮೇಲೆ ಆಡಬಾರದು. ಹಳೆಯದಾಗಿ ಒರಟಾದದ್ದನ್ನು ಅಂಚು ಕತ್ತರಿಸಿ ಗುರುತು ಮಾಡಿ ಚಕ್ರ ಒರೆಸಲು ಬೇರೆಯೇ ಇಟ್ಟುಕೊಳ್ಳಬಹುದು.