ಮೋಟಾರಿನ ಮರೆಯಿಂದ ಹಕ್ಕಿಯ ಚಿತ್ರ

ಮನುಷ್ಯನ ಆಕೃತಿಯನ್ನು ಕಂಡೊಡನೆ ಹಾರಿಹೋಗುವ ಹಕ್ಕಿಯು ಎತ್ತಿನ ಬಂಡಿಗೆ ಅಷ್ಟಾಗಿ ಬೆದರದೆಂಬುದು ನಮ್ಮ ಎರೆಸೀಮೆಯ ಒಕ್ಕಲಿಗರಿಗೆ ಹೊಸ ಸಂಗತಿಯಲ್ಲ. ಹಿಂದಿನ ಬೇಟೆಗಾರರು ಈ ಗುಟ್ಟನ್ನರಿತೇ ಬಂಡಿಯ ಮರೆಯಲ್ಲಿ ಕೃಷ್ಣಮೃಗವನ್ನೂ ಎರೆಭೂತವನ್ನೂ ಸಮೀಪಿಸುತ್ತಿದ್ದರು. ಇಂಗ್ಲೆಂಡಿನಲ್ಲಿ ರಿಚರ್ಡ್ ಮತ್ತು ಚೆರಿ ಕಿಯರ್ಟನ್ ಎಂಬ ಸೋದರರು 1900ರ ಸುಮಾರಿಗೆ ಟೊಳ್ಳಾದ ಕೃತಕ ಎತ್ತೊಂದನ್ನು ಮಾಡಿಸಿ, ಅದರ ಹೊಟ್ಟೆಯಲ್ಲಿ ಕ್ಯಾಮರಾ ಸಹಿತ ಅಡಗಿ ಹಕ್ಕಿಗಳ ಛಾಯಾಚಿತ್ರಗಳನ್ನು ತೆಗೆದರು. ಇಂದು ಆ ಎತ್ತಿನ ಕೆಲಸವನ್ನು ಮೋಟಾರು ಕಾರು ಮಾಡುತ್ತಿರುವುದು.

ಕಳೆದ ಚಳಿಗಾಲದಲ್ಲಿ ನಾವು ಗದಗ ಜಿಲ್ಲೆಯ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಯ ಕಡೆಗೆ ಹೋಗಿದ್ದೆವು. 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಈ ಕೆರೆಗೆ ಪ್ರತಿವರ್ಷವೂ ಪಟ್ಟೆತಲೆಯ ಹೆಬ್ಬಾತುಗಳು ಬರುವುದನ್ನು ವಾಚಕರು ಬಲ್ಲರು. ಬಿಳಿಯ ತಲೆಯ ಮೇಲೆ ಎರಡು ಕರಿಯ ಪಟ್ಟೆಗಳುಳ್ಳ ಈ ಹಕ್ಕಿಗಳು ಮಂಗೋಲಿಯ, ಟಿಬೆಟ್ಟುಗಳ ಸರೋವರಗಳಲ್ಲಿ ಮರಿಮಾಡಿ, ಹಿಮಾಲಯವನ್ನು ದಾಟಿ ದಕ್ಷಿಣಕ್ಕೆ ಇಳಿಯುವುವು. ಇವು 7,000 ಮೀಟರಿಗೂ ಮೇಲೆ ಹಾರಿದುದು ಯಂತ್ರಗಳ ನೆರವಿನಿಂದ ದಾಖಲಾಗಿದೆ. ಅಲ್ಲಿಯ ವಿರಳ ಗಾಳಿಯಿಂದಲೂ ಪ್ರಾಣವಾಯುವನ್ನು ಹೀರಿಕೊಳ್ಳುವ ವಿಶೇಷ ಶಕ್ತಿ ಇವುಗಳ ರಕ್ತಕ್ಕಿರುವುದು. ಬಿಸಿಲೇರಿದ ಮೇಲೆ ಕೆರೆಯಲ್ಲಿ ವಿಶ್ರಮಿಸುವ ಇವು ನಸುಕಿನಲ್ಲಿ ಕಟಾವಾದ ಹೊಲಗಳಲ್ಲಿ ಮೇಯುವುದರಿಂದ, ಚಿತ್ರ ತೆಗೆಯುವವರು ಬೆಳಗಿನ ಜಾವವೇ ಹೊರಡಬೇಕು.

ಇದರ ಕ್ರಮ ಸರಳವಾದುದು, ಬೇಕಾದುದು ತಾಳ್ಮೆ. ಸೂರ್ಯನನ್ನು ಬೆನ್ನಿಗಿಟ್ಟುಕೊಂಡು, ಕಾರನ್ನು ಹಕ್ಕಿಗಳತ್ತ ನೇರವಾಗಿ ತಿರುಗಿಸದೆ, ಹಾದಿಗುಂಟ ಮೆಲ್ಲನೆ ನಡೆಸಬೇಕು. ಹಿಂಡಿನಲ್ಲಿ ಕೆಲವು ಹಕ್ಕಿಗಳು ಸದಾ ಕತ್ತೆತ್ತಿ ಕಾವಲಿರುವುದುಂಟು. ಮೇಯುತ್ತಿದ್ದ ಇತರ ಹಕ್ಕಿಗಳೂ ಕತ್ತೆತ್ತಿದರೆ ನಾವು ಮಿತಿಮೀರಿ ಸಮೀಪಿಸಿದೆವೆಂದೇ ಅರ್ಥ. ಆಗ ನಿಲ್ಲಬೇಕು. ಎಂಜಿನನ್ನು ಆರಿಸದಿದ್ದರೆ ಅದರ ನಡುಕವು ಚಿತ್ರವನ್ನು ಕೆಡಿಸುವುದು. ಇಳಿಸಿದ ಗಾಜಿನ ಅಂಚಿನ ಮೇಲೆ ಕಾಳು ತುಂಬಿದ ಸಣ್ಣ ಚೀಲವನ್ನಿಟ್ಟು ಅದರ ಮೇಲೆ ಮಸೂರವನ್ನು ಊರಿದರೆ ಕೈ ಅಲುಗದು. ಕಾರಿನಲ್ಲಿ ಮನುಷ್ಯನ ತಲೆ ತೋಳುಗಳು ಮರೆಯಾಗಿರುವುದರಿಂದ ಹಕ್ಕಿಯ ಭಯ ಕ್ರಮೇಣ ಶಮನವಾಗುವುದು. ಬಿಸಿಲೇರಿ ನೆಲದಿಂದ ಝಳವೆದ್ದಮೇಲೆ ಎಂತಹ ಬೆಲೆಯುಳ್ಳ ಮಸೂರವೂ ನಿರುಪಯೋಗಿಯೇ ಸರಿ.

ಇಷ್ಟೆಲ್ಲ ತಿಳಿದಿದ್ದೂ ನಾವು ತಪ್ಪಿದೆವು. ಅರ್ಧ ಗಂಟೆ ಕಾದು ಹತ್ತಾರು ಚಿತ್ರಗಳನ್ನು ತೆಗೆದಮೇಲೂ ತೃಪ್ತಿಯಾಗದೆ, ಇನ್ನೂ ಚೆನ್ನಾದ ಕೋನವನ್ನು ಬಯಸಿ ಬಾಗಿಲನ್ನು ತೆರೆದು ಒಂದು ಕಾಲನ್ನು ನೆಲಕ್ಕಿಟ್ಟೆವು. ಕ್ಷಣಾರ್ಧದಲ್ಲಿ ಇಡೀ ಹಿಂಡು ಕೂಗುತ್ತ ಮೇಲೆದ್ದು, ಅರ್ಧ ಮೈಲಿಯಾಚೆ ಒಬ್ಬ ರೈತರ ಕಡಲೆಯ ಹೊಲಕ್ಕೆ ಇಳಿಯಿತು. ಆತನು ಬಂದು, "ಗಾಡ್ಯಾಗ ಕುಂತಿದ್ರ ಅವು ಅಲ್ಲೇ ಮೇಯ್ತಿದ್ದುವ್ರಿ. ನೀವು ಇಳದ್ರಿ, ಅವು ನನ್ನ ಬೆಳಿ ಮ್ಯಾಲ ಬಂದುವು" ಎಂದನು. ನಮ್ಮಲ್ಲಿ ಉತ್ತರವಿರಲಿಲ್ಲ. ಕೊಯ್ಲಾದ ಹೊಲದ ಉಳಿಕೆಯನ್ನು ತಿನ್ನುತ್ತಿದ್ದ ಅತಿಥಿಗಳನ್ನು ಬೆಳೆದು ನಿಂತ ಹೊಲಕ್ಕೆ ಅಟ್ಟಿದವರು ನಾವೇ ಆಗಿದ್ದೆವು.

ಹಾರುವ ಹಿಂಡಿನ ಚಿತ್ರಕ್ಕಾಗಿ ಹಾರನ್ನು ಬಾರಿಸುವವರೂ, ಹೊಲದೊಳಗೆ ಕಾರನ್ನು ನುಗ್ಗಿಸುವವರೂ ಇಲ್ಲದಿಲ್ಲ. ವಸಂತದಲ್ಲಿ ಮತ್ತೆ ಹಿಮಾಲಯವನ್ನು ದಾಟಬೇಕಾದ ಹಕ್ಕಿಗೆ ಚಳಿಗಾಲದ ಮೇವೇ ಪ್ರಯಾಣದ ಬುತ್ತಿ. ಒಂದೊಂದು ವೃಥಾ ಹಾರಾಟವೂ ಆ ಬುತ್ತಿಯನ್ನು ಕರಗಿಸುವುದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬಂದೂಕಿಗೆ ಕಡಿವಾಣ ಹಾಕಿತು. ಆದರೆ ಬಂದೂಕಿನ ಸ್ಥಾನಕ್ಕೆ ಬಂದ ಕ್ಯಾಮರಾದವರು ತಮ್ಮ ಕಡಿವಾಣವನ್ನು ತಾವೇ ಹಿಡಿಯಬೇಕು. ಚಳಿಗಾಲದ ಮುಂಜಾವುಗಳಲ್ಲಿ ವಾಹನಗಳು ಹಾದಿಯನ್ನು ಬಿಟ್ಟು ಹೊಲಕ್ಕಿಳಿಯದಂತೆ ಅಧಿಕಾರಿಗಳು ನಿಗಾ ಇಡಬೇಕೆಂದೂ, ಹಕ್ಕಿಗಳಿಂದಾಗುವ ಬೆಳೆಹಾನಿಯ ಕುರಿತು ರೈತರ ಮಾತಿಗೆ ಕಿವಿಗೊಡಬೇಕೆಂದೂ ನಾವು ಸೂಚಿಸುವೆವು. ನಮ್ಮಂತಹ ಹವ್ಯಾಸಿಗಳಿಗೆ ಹೇಳುವುದಿಷ್ಟೆ: ಹಕ್ಕಿ ಕುಳಿತಲ್ಲೇ ಕುಳಿತಿರಲು ಬಿಟ್ಟು ನಾವು ಹಿಂದಿರುಗಿದರೆ ಮಾತ್ರ ಆ ಚಿತ್ರವು ನ್ಯಾಯವಾಗಿ ಸಂಪಾದಿಸಿದುದು.