ಉಗುರಿನಲ್ಲಿ ಬರೆದದ್ದು, ಉಗುರಿನಡಿ ಕಂಡದ್ದು

ಬೆಳ್ಳಕ್ಕಿಗಳು ಸಾಲುಗಟ್ಟಿ ಹಾರುವಾಗ ಮಕ್ಕಳು ಕೈಬೆರಳು ಮೇಲೆತ್ತಿ ಉಗುರು ತೋರಿಸುವ ಆಟ ನಮ್ಮ ಹಳ್ಳಿಗಳಲ್ಲಿದೆ. ಉಗುರಿನ ಮೇಲೆ ಬಿಳಿ ಚುಕ್ಕೆ ಮೂಡಿತೆಂದರೆ ಅದು ಹಕ್ಕಿ ಕೊಟ್ಟ ಉಡುಗೊರೆ. ದೊಡ್ಡವರಾದ ಮೇಲೆ ಅದೇ ಚುಕ್ಕೆಗೆ ಬೇರೆ ಅರ್ಥ ಬರುತ್ತದೆ, ಮೈಯಲ್ಲಿ ಕ್ಯಾಲ್ಸಿಯಂ ಕಡಿಮೆಯಾಗಿದೆ ಎಂದು. ಇದು ವೈದ್ಯರ ಮಾತಿನಂತೆ ಕೇಳಿಸಿದರೂ ನಿಜವಲ್ಲ. ಅಂಥ ಚುಕ್ಕೆ ಬಹುಪಾಲು ಉಗುರಿನ ಬುಡಕ್ಕೆ ಎಂದೋ ತಗುಲಿದ ಸಣ್ಣ ಪೆಟ್ಟಿನ ಗುರುತು. ನಾವು ಮರೆತ ಪೆಟ್ಟು ವಾರಗಳ ನಂತರ ಮೇಲೆ ಕಾಣಿಸಿಕೊಂಡು, ಉಗುರಿನೊಂದಿಗೇ ಮುಂದೆ ಸರಿದು, ಕೊನೆಗೆ ಕತ್ತರಿಗೆ ಸಿಗುತ್ತದೆ. ಹಾಗಿದ್ದೂ ವೈದ್ಯರು ಇಂದಿಗೂ ರೋಗಿಯ ಕೈಹಿಡಿದು ಉಗುರು ನೋಡುತ್ತಾರೆ. ಉಗುರು ದೇಹದ ಸ್ಥಿತಿಯನ್ನು ನಿಜಕ್ಕೂ ಹೇಳುತ್ತದೆ. ಆದರೆ ಅದು ಎರಡು ಬೇರೆ ಬೇರೆ ಬಗೆಯಲ್ಲಿ ಹೇಳುತ್ತದೆ ಎಂಬುದನ್ನು ತಿಳಿಯಲು ವೈದ್ಯಶಾಸ್ತ್ರಕ್ಕೆ ಬಹುಕಾಲ ಹಿಡಿಯಿತು. ಆ ಎರಡನ್ನು ಬೆರೆಸಿದಾಗಲೆಲ್ಲ ತಪ್ಪು ನಂಬಿಕೆ ಹುಟ್ಟುತ್ತದೆ.

ಉಗುರು ನೋಡುವ ರೂಢಿ ಬಹಳ ಹಳೆಯದು. ಎದೆಗೂಡಿನಲ್ಲಿ ಕೀವು ತುಂಬಿದವರ ಉಗುರು ಬಾಗುವುದನ್ನು ಹಿಪೊಕ್ರಟೀಸನ ಹೆಸರಿನಲ್ಲಿರುವ ಗ್ರೀಕ್ ವೈದ್ಯಗ್ರಂಥಗಳು ಸುಮಾರು 2,400 ವರ್ಷಗಳ ಹಿಂದೆಯೇ ದಾಖಲಿಸಿದವು. ನಮ್ಮ ಚರಕಸಂಹಿತೆ ಕಾಮಾಲೆಯನ್ನು ವಿವರಿಸುವಾಗ ಕಣ್ಣು, ಚರ್ಮ, ಮುಖಗಳ ಜೊತೆಗೆ ಉಗುರಿಗೂ ಅರಿಶಿನದ ಬಣ್ಣ ಬರುತ್ತದೆ ಎನ್ನುತ್ತದೆ. ಇವು ನೋಡಿ ನೋಡಿ ಪಳಗಿದ ಕಣ್ಣುಗಳ ಅರಿವು. ಕಾಣುವ ಗುರುತು ಇಂದಿನದೋ ಹಿಂದಿನದೋ ಎಂದು ವಿಂಗಡಿಸುವ ಕೆಲಸ ಮಾತ್ರ ಮುಂದಿನವರಿಗೆ ಉಳಿದಿತ್ತು.

ಮೊದಲು ಸಿಕ್ಕಿದ್ದು ಕಾಲದ ಲೆಕ್ಕ. ಫ್ರಾನ್ಸಿನ ವೈದ್ಯ ಜೋಸೆಫ್ ಬೋ 1846ರಲ್ಲಿ ಉಗುರುಗಳ ಮೇಲೆ ಅಡ್ಡಲಾಗಿ ಬೀಳುವ ತಗ್ಗುಗೆರೆಗಳನ್ನು ವಿವರಿಸಿದ. ಟೈಫಾಯ್ಡ್‌ನಂಥ ಕಾಯಿಲೆ ಮೈಯನ್ನು ಹಣ್ಣು ಮಾಡಿದಾಗ ಉಗುರಿನ ಬೇರು ಕೆಲಸ ನಿಧಾನಿಸುತ್ತದೆ. ಆ ದಿನಗಳಲ್ಲಿ ತಯಾರಾದ ಉಗುರು ತೆಳುವಾಗುತ್ತದೆ, ಚೇತರಿಸಿಕೊಂಡ ಮೇಲೆ ಅದೇ ಗೆರೆಯಾಗಿ ಹೊರಬರುತ್ತದೆ. ಕೈಯ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುವುದರಿಂದ ಗೆರೆ ಬುಡದಿಂದ ಎಷ್ಟು ದೂರವಿದೆ ಎಂದು ಅಳೆದು, ಚರ್ಮದಡಿಯಿಂದ ಹೊರಬರಲು ಹಿಡಿಯುವ ಕೆಲವು ವಾರಗಳನ್ನು ಸೇರಿಸಿದರೆ ಕಾಯಿಲೆ ಎಂದು ಬಂದಿತ್ತೆಂದು ಅಂದಾಜಿಸಬಹುದು. ಈ ಲೆಕ್ಕವನ್ನು ಅಮೆರಿಕದ ವೈದ್ಯ ವಿಲಿಯಂ ಬೀನ್ ತನ್ನ ಮೈಮೇಲೇ ಸಾಧಿಸಿದ. 1941ರಿಂದ ಪ್ರತಿ ತಿಂಗಳೂ ಎಡಗೈ ಹೆಬ್ಬೆರಳಿನ ಉಗುರಿನ ಬುಡದಲ್ಲಿ ಗೀರು ಹಾಕಿ, ಅದು ತುದಿ ಮುಟ್ಟುವವರೆಗಿನ ದಿನಗಳನ್ನು ಎಣಿಸುತ್ತ 35 ವರ್ಷ ನಡೆದ. 32ನೇ ವಯಸ್ಸಿನಲ್ಲಿ ದಿನಕ್ಕೆ 0.123 ಮಿಲಿಮೀಟರ್ ಬೆಳೆಯುತ್ತಿದ್ದ ಉಗುರು 67ರ ಹೊತ್ತಿಗೆ 0.095 ಮಿಲಿಮೀಟರ್‌ಗೆ ಇಳಿದಿತ್ತು. ಅಲ್ಲಿಗೆ ಉಗುರು ತಿಂಗಳುಗಳ ದಿನಚರಿಯಾಯಿತು. ಕೈಯ ಉಗುರು ಪೂರ್ತಿ ಬದಲಾಗಲು ಸುಮಾರು ಆರು ತಿಂಗಳು, ಕಾಲಿನದಕ್ಕೆ ಒಂದರಿಂದ ಒಂದೂವರೆ ವರ್ಷ ಬೇಕು. ನೆದರ್‌ಲೆಂಡ್ಸಿನ ಮೀಸ್ 1919ರಲ್ಲಿ ಆರ್ಸೆನಿಕ್ ವಿಷ ಸೇರಿದವರಲ್ಲಿ ಗುರುತಿಸಿದ ಬಿಳಿ ಅಡ್ಡಪಟ್ಟಿಯೂ ಇದೇ ದಿನಚರಿಯ ಒಂದು ಪುಟ. ಉಗುರು ಬೆಳೆದಂತೆ ಅದೂ ಮುಂದೆ ಸರಿಯುತ್ತದೆ.

ಎರಡನೆಯ ಬಗೆ ಬೆಳಕಿಗೆ ಬಂದದ್ದು 1950ರ ದಶಕದಲ್ಲಿ. ಉಗುರು ಪಾರದರ್ಶಕವಾದದ್ದರಿಂದ ಅದರಡಿಯ ರಕ್ತನಾಳಗಳ ಬಣ್ಣವೇ ನಮಗೆ ಗುಲಾಬಿಯಾಗಿ ಕಾಣುತ್ತದೆ. 1954ರಲ್ಲಿ ಬ್ರಿಟನ್ನಿನ ರಿಚರ್ಡ್ ಟೆರ್ರಿ ಲಿವರ್ ಸಿರೋಸಿಸ್ ಇದ್ದ 100 ರೋಗಿಗಳಲ್ಲಿ 82 ಮಂದಿಯ ಉಗುರು ತುದಿಯೊಂದನ್ನು ಬಿಟ್ಟು ಉಳಿದಂತೆ ಬೆಳ್ಳಗಾಗಿದ್ದನ್ನು ವರದಿ ಮಾಡಿದ. ಎರಡು ವರ್ಷಗಳ ನಂತರ ರಾಬರ್ಟ್ ಮ್ಯೂರ್ಕಿ ಎಂಬ ವೈದ್ಯ ರಕ್ತದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನು ತೀರ ಇಳಿದವರಲ್ಲಿ ಜೋಡಿ ಬಿಳಿ ಪಟ್ಟಿಗಳನ್ನು ಕಂಡ. ನೋಡಲು ಇವು ಮೀಸ್ ಕಂಡ ಪಟ್ಟಿಯಂತೆಯೇ ಇದ್ದರೂ ಒತ್ತಿದರೆ ಮಾಯವಾಗುತ್ತವೆ, ಉಗುರು ಬೆಳೆದರೂ ಇದ್ದಲ್ಲೇ ಇರುತ್ತವೆ, ಅಲ್ಬುಮಿನ್ ಏರಿದಾಗ ಅಳಿಸಿಹೋಗುತ್ತವೆ. ಏಕೆಂದರೆ ಇವು ಉಗುರಿನಲ್ಲಿಲ್ಲ, ಉಗುರಿನ ಕೆಳಗಿವೆ. ಮುಂದೆ ಸರಿಯುವ ಗುರುತು ಆಗಿಹೋದ ಸಂಗತಿ, ಇದ್ದಲ್ಲೇ ಇರುವ ಬಣ್ಣ ಇಂದಿನ ಸ್ಥಿತಿ. ಉಗುರನ್ನು ಓದುವ ಕಲೆಯ ಮೊದಲ ಪಾಠವೇ ಇದು.

ಇಷ್ಟೆಲ್ಲ ಇದ್ದರೂ ಉಗುರಿನ ಗುರುತು ಒಂದೇ ರೋಗಕ್ಕೆ ಅಂಟಿಕೊಳ್ಳುವುದಿಲ್ಲವಲ್ಲ ಎಂಬ ಆಕ್ಷೇಪವಿದೆ. ಆಕ್ಷೇಪ ಸರಿಯಾದದ್ದೇ. ಟೆರ್ರಿ ಹೇಳಿದ ಬಿಳುಪನ್ನು 1984ರಲ್ಲಿ ಆಸ್ಪತ್ರೆಯ ಒಳರೋಗಿಗಳಲ್ಲಿ ಹುಡುಕಿದಾಗ ಸುಮಾರು ಕಾಲುಭಾಗ ಜನರಲ್ಲಿ ಅದು ಸಿಕ್ಕಿತು. ಸಿರೋಸಿಸ್ ಅಲ್ಲದೆ ಹೃದಯದ ವೈಫಲ್ಯ, ಸಕ್ಕರೆ ಕಾಯಿಲೆ, ಬರೀ ವಯಸ್ಸು ಕೂಡ ಅದರೊಂದಿಗೆ ನಂಟು ಹೊಂದಿದ್ದವು. ಬೆರಳ ತುದಿ ಊದಿ ಉಗುರು ಗಿಣಿಯ ಕೊಕ್ಕಿನಂತೆ ಬಾಗುವುದು ಶ್ವಾಸಕೋಶದ ಕ್ಯಾನ್ಸರಿನಲ್ಲೂ ಹುಟ್ಟಿನಿಂದ ಬಂದ ಕೆಲವು ಹೃದ್ರೋಗಗಳಲ್ಲೂ ಕಾಣುತ್ತದೆ. ಕೆಲವು ಮನೆತನಗಳಲ್ಲಿ ಯಾವ ರೋಗವೂ ಇಲ್ಲದೆ ಪೀಳಿಗೆಯಿಂದ ಪೀಳಿಗೆಗೆ ಬರುತ್ತದೆ. ಆದರೆ ಇದರಿಂದ ಉಗುರಿನ ಮಾತು ಸುಳ್ಳಾಗುವುದಿಲ್ಲ, ಅದು ತೀರ್ಪಲ್ಲ, ಪ್ರಶ್ನೆ ಎಂದಷ್ಟೇ ತಿಳಿಯುತ್ತದೆ. ದಕ್ಷಿಣ ಆಫ್ರಿಕಾದ ಹೃದ್ರೋಗತಜ್ಞ ಲಿಯೋ ಶ್ಯಾಮ್ರಾತ್ ಹೃದಯದ ಒಳಪೊರೆಯ ಸೋಂಕಿಗೆ ತುತ್ತಾದಾಗ ತನ್ನ ಬೆರಳುಗಳೇ ಬದಲಾಗುವುದನ್ನು ಗಮನಿಸಿ 1976ರಲ್ಲಿ ಬರೆದ. ಎರಡು ಕೈಗಳ ಒಂದೇ ಬೆರಳನ್ನು ಉಗುರಿಗೆ ಉಗುರು ತಾಗುವಂತೆ ಬೆನ್ನಿಗೆ ಬೆನ್ನು ಜೋಡಿಸಿದರೆ ಉಗುರುಗಳ ಬುಡದಲ್ಲಿ ವಜ್ರಾಕಾರದ ಸಣ್ಣ ಕಿಂಡಿ ಕಾಣಬೇಕು. ಅದು ಮುಚ್ಚಿಹೋಗಿದ್ದರೆ ಎದೆಯ ಪರೀಕ್ಷೆ ಮಾಡಿಸಬೇಕು. ಏನಾಗಿದೆ ಎನ್ನುವುದನ್ನು ಆ ಕಿಂಡಿ ಹೇಳದು, ಎಲ್ಲಿ ಹುಡುಕಬೇಕು ಎನ್ನುವುದನ್ನು ಹೇಳುತ್ತದೆ.

ರಕ್ತಪರೀಕ್ಷೆ, ಸ್ಕ್ಯಾನಿಂಗ್ ಎಲ್ಲ ಇರುವಾಗ ಉಗುರೇಕೆ ಎಂದೂ ಕೇಳಬಹುದು. ಪರೀಕ್ಷೆಗೆ ಬರೆಯಬೇಕಾದರೆ ಮೊದಲು ಯಾರಿಗಾದರೂ ಅನುಮಾನ ಬರಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಸುಸ್ತು ಮನೆಗೆಲಸದ ಭಾಗವೇ ಎಂದು ನಂಬಿ ನಡೆದವರು ಇವರಲ್ಲಿ ಎಷ್ಟೋ ಮಂದಿ. ಉಗುರಿನಡಿಯ ಬಿಳಿಚುವಿಕೆ, ಕಬ್ಬಿಣಾಂಶದ ಕೊರತೆ ದೀರ್ಘಕಾಲ ಉಳಿದಾಗ ನೀರಿನ ಹನಿ ನಿಲ್ಲುವಷ್ಟು ಚಮಚದಂತೆ ತಗ್ಗಾಗುವ ಉಗುರು, ಇವು ಬಸ್ಸಿನ ಸೀಟಿನಲ್ಲಿ, ಅಡುಗೆಮನೆಯಲ್ಲಿ, ಅಂಗನವಾಡಿಯ ಜಗುಲಿಯಲ್ಲಿ ಬರಿಗಣ್ಣಿಗೆ ಸಿಗುವ ಸುಳಿವುಗಳು. ಸೌಮ್ಯ ರಕ್ತಹೀನತೆ ಉಗುರಿನಲ್ಲಿ ಕಾಣದೆಯೂ ಹೋಗಬಹುದು. ಆದ್ದರಿಂದ ಉಗುರು ಚೆನ್ನಾಗಿದೆ ಎಂದು ಹಿಮೊಗ್ಲೋಬಿನ್ ಪರೀಕ್ಷೆ ಬಿಡುವುದು ಸಲ್ಲದು. ಕಂಡ ಸುಳಿವನ್ನು ಕಡೆಗಣಿಸುವುದಂತೂ ಇನ್ನೂ ದೊಡ್ಡ ತಪ್ಪು.

ಇನ್ನೊಂದು ಎಚ್ಚರ ನಮ್ಮ ಮೈಬಣ್ಣಕ್ಕೆ ಸೇರಿದ್ದು. ಉಗುರಿನುದ್ದಕ್ಕೂ ಕಂದು ಗೆರೆ ಬಂದರೆ ಬಿಳಿಯರಲ್ಲಿ ಅದು ಅಪರೂಪ, ಕಪ್ಪು-ಕಂದು ಚರ್ಮದವರಲ್ಲಿ ವಯಸ್ಸಾದಂತೆ ಹಲವು ಬೆರಳುಗಳಲ್ಲಿ ಸಹಜವಾಗಿಯೇ ಮೂಡುತ್ತದೆ. ಆದರೆ ಒಂದೇ ಬೆರಳಿನಲ್ಲಿ ಹೊಸದಾಗಿ ಬಂದು, ಅಗಲವಾಗುತ್ತ, ಬಣ್ಣ ಉಗುರಿನಾಚೆಯ ಚರ್ಮಕ್ಕೂ ಹರಡಿದರೆ ತಡಮಾಡದೆ ಚರ್ಮವೈದ್ಯರಿಗೆ ತೋರಿಸಬೇಕು. ಉಗುರುಸುತ್ತಿನಂತೆ ಕಾಣುವ ಕಪ್ಪು ಕ್ಯಾನ್ಸರಿನ ಬಗ್ಗೆ ಲಂಡನ್ನಿನ ಜೊನಾಥನ್ ಹಚಿನ್‌ಸನ್ 1886ರಲ್ಲೇ ಎಚ್ಚರಿಸಿದ್ದ. ಹಾಗಾಗಿ ಉಗುರು ನೋಡುವಾಗ ಕೇಳಬೇಕಾದ ಪ್ರಶ್ನೆಗಳು ಮೂರೇ. ಒಂದು ಬೆರಳಿನಲ್ಲಿದೆಯೋ ಎಲ್ಲದರಲ್ಲೋ? ತಿಂಗಳು ಕಳೆದಾಗ ಮುಂದೆ ಸರಿಯಿತೋ ಇದ್ದಲ್ಲೇ ಇದೆಯೋ? ಮೈಯಲ್ಲಿ ಬೇರೆ ತೊಂದರೆ ಜೊತೆಗಿದೆಯೋ? ಮಗುವಿನ ಉಗುರಿನ ಬಿಳಿ ಚುಕ್ಕೆ ಈ ಪ್ರಶ್ನೆಗಳ ಮುಂದೆ ನಿಲ್ಲುವುದಿಲ್ಲ. ಅದು ಬೆಳ್ಳಕ್ಕಿಯದಾಗಿಯೇ ಉಳಿಯಲಿ. ಅದೇ ಮಗುವಿನ ತಾಯಿಯ ಉಗುರು ಬಿಳಿಚಿಕೊಂಡಿದ್ದರೆ ಮಾತ್ರ ಅವಳನ್ನು ನಾಳೆಯೇ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬೇಕು.