ಛಾಯಾಗ್ರಾಹಕನ ಚಿತ್ರಭಂಡಾರ: ಅದರ ಕ್ರಮ ಮತ್ತು ಪ್ರಕಟನೆ

೧

ನಲವತ್ತು ಐವತ್ತು ವರ್ಷಗಳ ಕಾಲ ದುಡಿದ ಛಾಯಾಗ್ರಾಹಕನೊಬ್ಬನು ತೀರಿಕೊಂಡ ಬಳಿಕ ಅವನ ಮನೆಯಲ್ಲಿ ಉಳಿಯುವ ಸಾಮಗ್ರಿ ಅಪಾರವಾದುದು. ಗಾಜಿನ ಫಲಕಗಳ ಪೆಟ್ಟಿಗೆಗಳು, ಫಿಲ್ಮಿನ ಸುರುಳಿಗಳು, ಹಿಂಬದಿಯಲ್ಲಿ ಪೆನ್ಸಿಲಿನಿಂದ ಏನನ್ನೋ ಗುರುತುಮಾಡಿದ ಮುದ್ರಿತ ಚಿತ್ರಗಳು, ಗಿರಾಕಿಗಳ ಹೆಸರುಳ್ಳ ಲೆಕ್ಕದ ಪುಸ್ತಕಗಳು, ಈಚಿನವನಾದರೆ ಗಣಕಯಂತ್ರದ ಹಾರ್ಡ್ ಡಿಸ್ಕುಗಳು—ಇವೆಲ್ಲ ಸೇರಿ ಒಂದು ಕೋಣೆಯನ್ನೇ ತುಂಬಬಹುದು. ಆದರೆ ಇವನ್ನು ಭಂಡಾರವೆಂದು ಕರೆಯಬೇಕೋ ರಾಶಿಯೆಂದು ಕರೆಯಬೇಕೋ ಎಂಬುದು ಚಿತ್ರಗಳ ಸಂಖ್ಯೆಯನ್ನಾಗಲಿ ಅವುಗಳ ಸೊಗಸನ್ನಾಗಲಿ ಅವಲಂಬಿಸಿಲ್ಲ. ಅವುಗಳೊಳಗೆ ಒಂದು ಕ್ರಮವಿದೆಯೆ, ಆ ಕ್ರಮವನ್ನು ಎರಡನೆಯವನೊಬ್ಬನು ಓದಿ ತಿಳಿಯಬಲ್ಲನೆ ಎಂಬುದೇ ಮುಖ್ಯವಾದ ಪ್ರಶ್ನೆ.

ಹಳೆಯ ಕಾವ್ಯಗಳ ಸಂಪಾದನೆಯಲ್ಲಿ ತೊಡಗಿದವರಿಗೆ ಇದು ಹೊಸ ಮಾತಲ್ಲ. ಓಲೆಗರಿಯ ಕಟ್ಟಿನ ದಾರ ಹರಿದು ಗರಿಗಳು ಚೆಲ್ಲಿಹೋದರೆ, ಗರಿಯ ಅಂಚಿನಲ್ಲಿರುವ ಅಂಕಿಯೊಂದೇ ಕಾವ್ಯವನ್ನು ಉಳಿಸುತ್ತದೆ. ಶಾಸನದ ಕಲ್ಲನ್ನು ನೆಟ್ಟ ಸ್ಥಳದಿಂದ ಕಿತ್ತು ತಂದು, ತಂದ ಊರನ್ನು ಬರೆದಿಡದೆ ಹೋದರೆ, ಅಕ್ಷರಗಳು ಉಳಿದರೂ ಅರ್ಥದಲ್ಲಿ ಅರೆಪಾಲು ಅಳಿಯುತ್ತದೆ. ಛಾಯಾಚಿತ್ರದ ವಿಷಯದಲ್ಲಿಯೂ ಹೀಗೆಯೇ. ಈ ಲೇಖನದಲ್ಲಿ ನಾವು ಪಶ್ಚಿಮದ ಇಬ್ಬರು ಛಾಯಾಗ್ರಾಹಕರ ಸಂಗ್ರಹಗಳಿಗೆ ಒದಗಿದ ಗತಿಯನ್ನು ಮೊದಲು ವಿವರಿಸಿ, ಅದರಿಂದ ದೊರೆಯುವ ತತ್ತ್ವಗಳನ್ನು ಅನಂತರ ಪರಿಶೀಲಿಸುತ್ತೇವೆ.

೨

ಯೂಜೆನ್ ಅಟ್ಜೆ ಫ್ರಾನ್ಸಿನ ಲಿಬೂರ್ನ್ ಪಟ್ಟಣದಲ್ಲಿ ೧೮೫೭ರಲ್ಲಿ ಹುಟ್ಟಿದವನು. ಮೊದಲು ನಾವಿಕನಾಗಿಯೂ ಅನಂತರ ನಟನಾಗಿಯೂ ಜೀವನ ಸಾಗಿಸಿ, ಆ ಬಳಿಕ ಛಾಯಾಗ್ರಹಣಕ್ಕೆ ಬಂದನು. ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಿಂದ ೧೯೨೭ರಲ್ಲಿ ಮರಣಹೊಂದುವವರೆಗೆ, ಭಾರವಾದ ಮರದ ಕ್ಯಾಮರಾವನ್ನೂ ಹದಿನೆಂಟು ಇಪ್ಪತ್ತನಾಲ್ಕು ಸೆಂಟಿಮೀಟರ್ ಅಳತೆಯ ಗಾಜಿನ ಫಲಕಗಳನ್ನೂ ಹೊತ್ತು ಪ್ಯಾರಿಸ್ ನಗರದ ಹಳೆಯ ಬೀದಿಗಳನ್ನು, ಅಂಗಡಿಗಳನ್ನು, ಬಾಗಿಲ ಕೆತ್ತನೆಗಳನ್ನು, ಉದ್ಯಾನಗಳನ್ನು ಚಿತ್ರಿಸುತ್ತ ಹೋದನು. ತನ್ನನ್ನು ಅವನು ಕಲಾವಿದನೆಂದು ಕರೆದುಕೊಳ್ಳಲಿಲ್ಲ. ಚಿತ್ರಕಾರರಿಗೆ ಬೇಕಾದ ದಾಖಲೆಗಳನ್ನು ಒದಗಿಸುವವನು ಎಂಬುದೇ ಅವನ ವೃತ್ತಿಯ ಹೆಸರು.

ಇಂತಹ ವೃತ್ತಿ ನಡೆಯಬೇಕಾದರೆ ಕೇಳಿದ ಚಿತ್ರ ಕೇಳಿದೊಡನೆ ಸಿಕ್ಕಬೇಕು. ಆದುದರಿಂದ ಅಟ್ಜೆ ತನ್ನ ಕೆಲಸವನ್ನು ವರ್ಗಗಳಾಗಿ ವಿಂಗಡಿಸಿದನು. ಹಳೆಯ ಪ್ಯಾರಿಸಿನ ಕಲೆ, ಪ್ಯಾರಿಸಿನ ಸುತ್ತಣ ಪ್ರದೇಶ, ಭೂದೃಶ್ಯಗಳು, ನಗರದ ಸ್ಥಳವರ್ಣನೆ ಮುಂತಾದುವು ಈ ವರ್ಗಗಳು. ಪ್ರತಿಯೊಂದು ವರ್ಗಕ್ಕೂ ಬೇರೆಯ ಅಂಕಿಗಳ ಸರಣಿ. ಆ ಅಂಕಿಯನ್ನು ಗಾಜಿನ ಫಲಕದ ಮೇಲೆಯೇ ಗೀಚುತ್ತಿದ್ದನು. ಅದೇ ಅಂಕಿಯನ್ನು ಸ್ಥಳದ ಹೆಸರಿನೊಡನೆ ಮುದ್ರಿತ ಚಿತ್ರದ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆಯುತ್ತಿದ್ದನು. ಫಲಕವನ್ನು ಕಾಗದಕ್ಕೆ ಒತ್ತಿ, ಚೌಕಟ್ಟಿನಲ್ಲಿ ಬಿಗಿದು, ಹಗಲಿನ ಬೆಳಕಿಗೆ ಇಟ್ಟು ಪ್ರತಿಗಳನ್ನು ಮಾಡುತ್ತಿದ್ದನು. ಅವುಗಳನ್ನು ಆಲ್ಬಮ್ಮುಗಳಲ್ಲಿ ಸಿಕ್ಕಿಸಿ ಗಿರಾಕಿಗಳಿಗೆ ತೋರಿಸುವುದು, ಆರಿಸಿದುದನ್ನು ಮಾರಿ ಬರಿದಾದ ಜಾಗವನ್ನು ಹೊಸ ಪ್ರತಿಯಿಂದ ತುಂಬುವುದು—ಇದು ಅವನ ಪದ್ಧತಿ. ಚಿತ್ರಕಾರರಂತೆಯೇ ಪ್ಯಾರಿಸಿನ ಕಾರ್ನಾವಾಲೆ ವಸ್ತುಸಂಗ್ರಹಾಲಯ, ಅಲ್ಲಿಯ ರಾಷ್ಟ್ರೀಯ ಗ್ರಂಥಾಲಯ, ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯ ಇವೂ ಅವನಿಂದ ಚಿತ್ರಗಳನ್ನು ಕೊಂಡವು.

೧೯೨೦ರಲ್ಲಿ ಅಟ್ಜೆ ೨,೬೨೧ ನೆಗೆಟಿವುಗಳನ್ನು ಹತ್ತು ಸಾವಿರ ಫ್ರಾಂಕುಗಳಿಗೆ ಫ್ರೆಂಚ್ ಸರಕಾರಕ್ಕೆ ಮಾರಿದನು. ವಯಸ್ಸಾಗುತ್ತ ಬಂದಿದ್ದ ಅವನಿಗೆ ತನ್ನ ಬಳಿಕ ಈ ಸಂಗ್ರಹದ ಪಾಡೇನು ಎಂಬ ಚಿಂತೆ ಇತ್ತು. ಅದರ ಮಹತ್ತ್ವವನ್ನು ಅರಿಯದವರ ಕೈಗೆ ಅದು ಬಿದ್ದೀತೆಂಬ ಭಯವಿತ್ತು. ಅವನು ತೀರಿಕೊಂಡ ಅನಂತರ ಮನೆಯಲ್ಲಿ ಉಳಿದಿದ್ದ ನೆಗೆಟಿವುಗಳಲ್ಲಿ ಒಂದು ಭಾಗ ಮತ್ತೆ ಸರಕಾರಕ್ಕೆ ಸೇರಿತು. ಮಿಕ್ಕ ಫಲಕಗಳನ್ನೂ ಸಾವಿರಾರು ಮುದ್ರಿತ ಚಿತ್ರಗಳನ್ನೂ ಬೆರೆನಿಸ್ ಅಬಟ್ ಎಂಬ ಅಮೆರಿಕದ ಛಾಯಾಗ್ರಾಹಕಿ ೧೯೨೮ರಲ್ಲಿ ಕೊಂಡಳು. ನಲವತ್ತು ವರ್ಷಗಳ ಕಾಲ ಆಕೆ ಅವನ್ನು ಕಾಪಾಡಿದಳು. ಫಲಕಗಳಿಂದ ಹೊಸ ಪ್ರತಿಗಳನ್ನು ಮಾಡಿ, ಪುಸ್ತಕ ಪ್ರಕಟಿಸಿ, ಅಟ್ಜೆಯ ಹೆಸರನ್ನು ಜನರ ಮುಂದಿಟ್ಟಳು. ೧೯೬೮ರಲ್ಲಿ ಈ ಸಂಗ್ರಹ ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯವನ್ನು ಸೇರಿತು.

ಇಲ್ಲಿ ವಿದ್ವಾಂಸರಿಗೆ ಒಂದು ತೊಡಕು ಎದುರಾಯಿತು. ಚಿತ್ರಗಳ ಮೇಲೆ ಅಂಕಿಗಳಿದ್ದವು. ಅವು ಕಾಲಕ್ರಮವನ್ನು ನೇರವಾಗಿ ಸೂಚಿಸುತ್ತಿರಲಿಲ್ಲ. ಒಂದು ವರ್ಗದ ಅಂಕಿಗಳು ಬೆಳೆದು ಇನ್ನೊಂದರ ಅಂಕಿಗಳನ್ನು ಮುಟ್ಟುವಂತಾದಾಗ ಅಟ್ಜೆ ಬೇರೆಯ ಸರಣಿಗೆ ಜಿಗಿಯುತ್ತಿದ್ದನು. ಮರಿಯಾ ಮಾರಿಸ್ ಹ್ಯಾಂಬರ್ಗ್ ಅವರು ಅಂಕಿಗಳನ್ನೂ ಚಿತ್ರಗಳನ್ನೂ ಒಂದರೊಡನೊಂದು ಹೋಲಿಸಿ ಈ ಕ್ರಮದ ಒಳಮರ್ಮವನ್ನು ಬಿಡಿಸಿದರು. ಅದರ ಫಲವಾಗಿ ಚಿತ್ರಗಳ ಕಾಲವನ್ನು ನಿರ್ಣಯಿಸುವುದು ಸಾಧ್ಯವಾಯಿತು. ಜಾನ್ ಸಾರ್ಕೌಸ್ಕಿ ಅವರೊಡನೆ ಅವರು ಸಿದ್ಧಪಡಿಸಿದ ನಾಲ್ಕು ಸಂಪುಟಗಳು ೧೯೮೧ರಿಂದ ೧೯೮೫ರವರೆಗೆ ಹೊರಬಂದವು. ಅಬಟ್ ಆಗಲಿ ಮತ್ತಾರೇ ಆಗಲಿ ಒಳ್ಳೆಯ ಉದ್ದೇಶದಿಂದಲೇ ಹಳೆಯ ಅಂಕಿಗಳನ್ನು ಅಳಿಸಿ ಹೊಸದಾಗಿ ಒಂದು, ಎರಡು, ಮೂರು ಎಂದು ಬರೆದಿದ್ದರೆ ಈ ಕೆಲಸ ಎಂದಿಗೂ ನಡೆಯುತ್ತಿರಲಿಲ್ಲ.

೩

ಇದಕ್ಕೆ ಪ್ರತಿಯಾದ ಉದಾಹರಣೆ ಎಮಿಲ್ ಒಟ್ಟೊ ಹೊಪ್ಪೆಯದು. ಮ್ಯೂನಿಕ್ ನಗರದಲ್ಲಿ ೧೮೭೮ರಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲಸಿದ ಈತನು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಬ್ರಿಟನ್ನಿನ ಅಗ್ರಗಣ್ಯ ಛಾಯಾಗ್ರಾಹಕರಲ್ಲಿ ಒಬ್ಬನಾಗಿದ್ದನು. ೧೯೨೯ರಲ್ಲಿ ಭಾರತಕ್ಕೆ ಬಂದು ಶಾಂತಿನಿಕೇತನವನ್ನೂ ರವೀಂದ್ರನಾಥ ಠಾಕೂರರನ್ನೂ ಚಿತ್ರಿಸಿದವನು. ೧೯೫೪ರಲ್ಲಿ, ತನ್ನ ಎಪ್ಪತ್ತಾರನೆಯ ವಯಸ್ಸಿನಲ್ಲಿ, ಹೊಪ್ಪೆ ತನ್ನ ಸಂಗ್ರಹವನ್ನು ಲಂಡನ್ನಿನ ಮ್ಯಾನ್ಸೆಲ್ ಸಂಗ್ರಹವೆಂಬ ವಾಣಿಜ್ಯ ಚಿತ್ರಭಂಡಾರಕ್ಕೆ ಮಾರಿದನು. ಪತ್ರಿಕೆಗಳಿಗೆ ಚಿತ್ರಗಳನ್ನು ಒದಗಿಸುವುದು ಆ ಭಂಡಾರದ ಕೆಲಸ. ಪತ್ರಿಕೆಯವರು ಕೇಳುವುದು ಸೇತುವೆಯ ಚಿತ್ರ, ಕಾರ್ಖಾನೆಯ ಚಿತ್ರ, ನರ್ತಕಿಯ ಚಿತ್ರ ಎಂದೇ ಹೊರತು ಇಂಥವನು ತೆಗೆದ ಚಿತ್ರವೆಂದಲ್ಲ. ಆದುದರಿಂದ ಅಲ್ಲಿ ಚಿತ್ರಗಳನ್ನು ವಿಷಯಾನುಸಾರವಾಗಿ ವಿಂಗಡಿಸಿ, ಇತರರ ಅಸಂಖ್ಯ ಚಿತ್ರಗಳೊಡನೆ ಬೆರೆಸಿ ಇಟ್ಟರು.

ಒಂದು ಚಿತ್ರವನ್ನೂ ಇದಕ್ಕಾಗಿ ಸುಡಬೇಕಾಗಲಿಲ್ಲ. ಎಲ್ಲವೂ ಕಪಾಟಿನಲ್ಲಿಯೇ ಇದ್ದವು. ಆದರೆ ಅವುಗಳನ್ನು ಒಟ್ಟಾಗಿ ಒಬ್ಬನ ಕೃತಿಯೆಂದು ನೋಡುವ ಮಾರ್ಗವೇ ಮುಚ್ಚಿಹೋಯಿತು. ಛಾಯಾಗ್ರಹಣದ ಚರಿತ್ರೆಯನ್ನು ಬರೆದವರಿಗೆ ಹೊಪ್ಪೆ ಬಹುಮಟ್ಟಿಗೆ ಕಾಣದಾದನು. ೧೯೭೨ರಲ್ಲಿ ಅವನು ತೀರಿಕೊಂಡನು. ೧೯೯೪ರಲ್ಲಿ ಗ್ರಹಾಂ ಹೋವ್ ಎಂಬವರು ಆ ಚಿತ್ರಗಳನ್ನು ವಾಣಿಜ್ಯ ಭಂಡಾರದಿಂದ ಬೇರ್ಪಡಿಸಿ, ಹೊಪ್ಪೆಯ ಕುಟುಂಬದವರಲ್ಲಿದ್ದ ಸಾಮಗ್ರಿಯೊಡನೆ ಮತ್ತೆ ಕೂಡಿಸಿದರು. ಹೀಗೆ ನಾಲ್ಕು ದಶಕಗಳ ಕಾಲ ಒಬ್ಬ ಕಲಾವಿದನ ಹೆಸರನ್ನು ಮರೆಮಾಡಿದುದು ಬೆಂಕಿಯೂ ಅಲ್ಲ, ಗೆದ್ದಲೂ ಅಲ್ಲ. ಒಂದು ವರ್ಗೀಕರಣದ ಪದ್ಧತಿ.

೪

ಮೇಲಣ ಎರಡು ಉದಾಹರಣೆಗಳಿಂದ ಮೊದಲ ತತ್ತ್ವ ಸ್ಪಷ್ಟವಾಗುತ್ತದೆ. ದಾಖಲೆಗಳನ್ನು ಕಾಪಾಡುವ ಶಾಸ್ತ್ರದಲ್ಲಿ ಇದನ್ನು ಎರಡು ಮಾತುಗಳಲ್ಲಿ ಹೇಳುವುದುಂಟು: ಒಂದು ಮೂಲದಿಂದ ಬಂದುದನ್ನು ಇನ್ನೊಂದರೊಡನೆ ಬೆರೆಸಬಾರದು; ಮೂಲದ ಕ್ರಮವನ್ನು ಕೆಡಿಸಬಾರದು. ವಿಷಯಾನುಸಾರವಾದ ಹುಡುಕಾಟವೂ ಅವಶ್ಯಕವೇ. ಆದರೆ ಅದು ಸೂಚಿಯ ಕೆಲಸ, ಕಪಾಟಿನ ಕೆಲಸವಲ್ಲ. ಒಂದು ಚಿತ್ರ ಕಪಾಟಿನಲ್ಲಿ ಒಂದೇ ಸ್ಥಳದಲ್ಲಿರಬಲ್ಲುದು. ಸೂಚಿಯಲ್ಲಿ ಹತ್ತು ಕಡೆ ಕಾಣಿಸಿಕೊಳ್ಳಬಲ್ಲುದು. ಇಂದು ಗಣಕಯಂತ್ರವು ಸೂಚಿಯ ಕೆಲಸವನ್ನು ಬಹು ಸುಲಭಗೊಳಿಸಿರುವುದರಿಂದ, ಮೂಲಕ್ರಮವನ್ನು ಕದಲಿಸಲು ಯಾವ ನೆಪವೂ ಉಳಿದಿಲ್ಲ.

ಎರಡನೆಯದಾಗಿ, ಚಿತ್ರದ ಹಿಂಬದಿಯ ಬರಹವೂ, ಪೆಟ್ಟಿಗೆಯ ಮೇಲಣ ಚೀಟಿಯೂ, ಲೆಕ್ಕದ ಪುಸ್ತಕವೂ ಭಂಡಾರದ ಅಂಗಗಳೇ. ಅವನ್ನು ಯಥಾವತ್ತಾಗಿ ನಕಲು ಮಾಡಿಕೊಳ್ಳಬೇಕು. ತಿದ್ದಬೇಕೆನಿಸಿದರೆ ತಿದ್ದುಪಡಿಯನ್ನು ಪ್ರತ್ಯೇಕವಾಗಿ, ತಿದ್ದಿದವರ ಹೆಸರಿನೊಡನೆ ಬರೆಯಬೇಕು. ಪಾಠವನ್ನು ಮೇಲೆಯೂ ಪಾಠಾಂತರವನ್ನು ಕೆಳಗೆಯೂ ಕೊಡುವ ಗ್ರಂಥಸಂಪಾದಕನ ನಿಯಮವೇ ಇಲ್ಲಿಯೂ ಸಲ್ಲುತ್ತದೆ. ಏಕೆಂದರೆ ಛಾಯಾಗ್ರಾಹಕನ ಬರಹವೆಲ್ಲ ನಿಜವೆಂದು ನಂಬುವಂತಿಲ್ಲ. ಅಟ್ಜೆ ೧೯೧೦ರಲ್ಲಿ ಪ್ಯಾರಿಸಿನ ಮನೆಗಳ ಒಳಾಂಗಣದ ಆಲ್ಬಮ್ಮೊಂದನ್ನು ಸಿದ್ಧಪಡಿಸಿದನು. ಬೇರೆ ಬೇರೆ ಅಂತಸ್ತಿನವರ ಮನೆಗಳೆಂದು ಅದರಲ್ಲಿ ಬರೆದಿರುವ ಕೆಲವು ಕೋಣೆಗಳು ಅವನ ಸ್ವಂತ ಮನೆಯವೇ ಎಂಬುದನ್ನು ಮಾಲಿ ನೆಸ್ಬಿಟ್ ಎಂಬ ವಿದುಷಿ ೧೯೯೨ರ ತಮ್ಮ ಗ್ರಂಥದಲ್ಲಿ ತೋರಿಸಿಕೊಟ್ಟಿದ್ದಾರೆ. ಆ ಬರಹವನ್ನು ಸುಳ್ಳೆಂದು ಯಾರಾದರೂ ಅಳಿಸಿಹಾಕಿದ್ದರೆ, ಅಟ್ಜೆ ತನ್ನನ್ನು ಲೋಕಕ್ಕೆ ಹೇಗೆ ಮರೆಸಿಕೊಂಡನೆಂಬ ಕುತೂಹಲಕರವಾದ ಸಂಗತಿಯೂ ಅದರೊಡನೆ ಅಳಿದುಹೋಗುತ್ತಿತ್ತು.

ಮೂರನೆಯದು ದ್ರವ್ಯಗಳ ರಕ್ಷಣೆ. ಗಾಜಿನ ಫಲಕಗಳನ್ನು ಒಂದರ ಮೇಲೊಂದು ಪೇರಿಸದೆ, ಪ್ರತಿಯೊಂದನ್ನೂ ಕಾಗದದ ಲಕೋಟೆಯಲ್ಲಿಟ್ಟು, ಉದ್ದನೆಯ ಅಂಚಿನ ಮೇಲೆ ನೆಟ್ಟಗೆ ನಿಲ್ಲಿಸಬೇಕು. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದ ಕೆಲವು ಫಿಲ್ಮುಗಳು ನೈಟ್ರೇಟಿನವು; ಇವು ಸುಲಭವಾಗಿ ಹೊತ್ತಿಕೊಳ್ಳುವುದರಿಂದ ಬೇರೆಯೇ ಇಡತಕ್ಕವು. ಅನಂತರ ಬಂದ ಅಸಿಟೇಟ್ ಫಿಲ್ಮು ಬಿಸಿಲು ಸೆಕೆಗಳಲ್ಲಿ ಕೊಳೆಯತೊಡಗಿದಾಗ ವಿನೆಗರಿನ ಹುಳಿವಾಸನೆ ಹೊರಡುತ್ತದೆ. ಅಂತಹ ಸುರುಳಿಯನ್ನು ಒಡನೆಯೇ ಮಿಕ್ಕವುಗಳಿಂದ ದೂರಮಾಡಿ, ಪ್ರತಿ ಮಾಡಿಸಿಕೊಳ್ಳಬೇಕು. ನಮ್ಮ ಕರಾವಳಿ ಮಲೆನಾಡುಗಳ ಮಳೆಗಾಲದ ತೇವದಲ್ಲಿ ಜೆಲಟಿನ್ ಲೇಪದ ಮೇಲೆ ಬೂಷ್ಟು ಹಿಡಿಯುವುದು ಎಲ್ಲರೂ ಕಂಡ ವಿಷಯ. ಗಾಳಿಯ ತೇವವನ್ನು ಶೇಕಡ ೩೦ರಿಂದ ೫೦ರ ಒಳಗೆ ಇಡುವುದು ಉತ್ತಮ. ಗಣಕಯಂತ್ರಕ್ಕೆ ಏರಿಸಿದ ಚಿತ್ರಗಳಿಗಾದರೋ ಮೂರು ಪ್ರತಿಗಳಿರಬೇಕು; ಅವು ಎರಡು ಬಗೆಯ ಸಾಧನಗಳಲ್ಲಿರಬೇಕು; ಒಂದು ಪ್ರತಿ ಬೇರೆಯ ಊರಿನಲ್ಲಿರಬೇಕು. ಹೊಸ ಕಡತದ ಹೆಸರಿನಲ್ಲಿ ಛಾಯಾಗ್ರಾಹಕನ ಹಳೆಯ ಅಂಕಿ ತಪ್ಪದೆ ಸೇರಿರಬೇಕು.

೫

ಭಂಡಾರವನ್ನು ಕ್ರಮಗೊಳಿಸಿ ಬೀಗ ಹಾಕಿದರೆ ಕೆಲಸ ಮುಗಿಯಲಿಲ್ಲ. ನೋಡುವವರಿಲ್ಲದ ಚಿತ್ರ, ಓದುವವರಿಲ್ಲದ ಓಲೆಯಂತೆ. ಆದರೆ ಚಿತ್ರವನ್ನು ಹಂಚುವಾಗ ಒಂದು ವಿವೇಚನೆ ಅಗತ್ಯ. ನೆಗೆಟಿವ್ ಒಂದೇ ಆದರೂ ಅದರಿಂದ ಹುಟ್ಟುವ ಮುದ್ರಿತ ಪ್ರತಿಗಳು ಒಂದೇ ಬಗೆಯವಲ್ಲ. ಛಾಯಾಗ್ರಾಹಕನು ತನ್ನ ಕೈಯಾರೆ ಮಾಡಿದ ಪ್ರತಿಯಲ್ಲಿ ಯಾವ ಭಾಗ ಎಷ್ಟು ಕಪ್ಪಾಗಬೇಕು, ಯಾವ ಅಂಚನ್ನು ಬಿಡಬೇಕು ಎಂಬ ಅವನ ನಿರ್ಣಯ ಅಡಗಿದೆ. ಅವನ ತರುವಾಯ ಇತರರು ಮಾಡಿದ ಪ್ರತಿಯಲ್ಲಿ ಆ ನಿರ್ಣಯ ಅವರದಾಗುತ್ತದೆ. ಅಟ್ಜೆಯ ಪ್ರತಿಗಳ ಕಂದು ಛಾಯೆಗೂ, ಅಬಟ್ ತನ್ನ ಕಾಲದ ಕಾಗದದ ಮೇಲೆ ಮಾಡಿದ ಪ್ರತಿಗಳಿಗೂ ಇರುವ ಅಂತರವನ್ನು ನೋಡಿದವರು ಇದನ್ನು ಬಲ್ಲರು. ಆದಕಾರಣ ಪ್ರದರ್ಶನದಲ್ಲಾಗಲಿ ಪುಸ್ತಕದಲ್ಲಾಗಲಿ ಚಿತ್ರ ತೆಗೆದ ವರ್ಷವನ್ನೂ ಪ್ರತಿ ಮಾಡಿದ ವರ್ಷವನ್ನೂ, ಪ್ರತಿ ಮಾಡಿದವರ ಹೆಸರನ್ನೂ ಪ್ರತ್ಯೇಕವಾಗಿ ನಮೂದಿಸಬೇಕು. ಲಿಪಿಕಾರನ ಹೆಸರನ್ನು ಹಸ್ತಪ್ರತಿಯ ಕೊನೆಯಲ್ಲಿ ಬರೆಯುತ್ತಿದ್ದ ನಮ್ಮ ಹಿರಿಯರಿಗೆ ಈ ಮರ್ಯಾದೆ ತಿಳಿದಿತ್ತು.

ಹಕ್ಕಿನ ವಿಷಯವನ್ನೂ ಇಲ್ಲಿ ಹೇಳಬೇಕು. ನಮ್ಮ ದೇಶದ ೧೯೫೭ರ ಕೃತಿಸ್ವಾಮ್ಯದ ಕಾಯಿದೆಯಂತೆ ಛಾಯಾಚಿತ್ರದ ಹಕ್ಕು ಮೊದಲು ಪ್ರಕಟವಾದ ವರ್ಷದಿಂದ ಲೆಕ್ಕವಾಗುತ್ತಿತ್ತು. ೨೦೧೨ರ ತಿದ್ದುಪಡಿಯ ಅನಂತರ ಇತರ ಕೃತಿಗಳಂತೆಯೇ ಅದು ಕರ್ತೃವಿನ ಜೀವಿತಕಾಲ ಮತ್ತು ಆ ಬಳಿಕ ಅರವತ್ತು ವರ್ಷಗಳವರೆಗೆ ನಡೆಯುತ್ತದೆ. ಪೆಟ್ಟಿಗೆ ನಮ್ಮ ಕೈಗೆ ಬಂದ ಮಾತ್ರಕ್ಕೆ ಪ್ರಕಟಿಸುವ ಹಕ್ಕು ಬರಲಿಲ್ಲ. ಭಂಡಾರವನ್ನು ಪಡೆಯುವಾಗಲೇ ವಾರಸುದಾರರಿಂದ ಲಿಖಿತ ಒಪ್ಪಿಗೆಯನ್ನು ಪಡೆಯದ ಸಂಸ್ಥೆ, ಮುಂದೆ ಚಿತ್ರಗಳನ್ನು ಕಾಯಬಲ್ಲುದೇ ಹೊರತು ತೋರಿಸಲಾರದು.

೬

ಇಷ್ಟನ್ನೂ ಛಾಯಾಗ್ರಾಹಕನ ಮರಣಾನಂತರ ಮಾಡುವುದಕ್ಕಿಂತ ಅವನ ಜೀವಿತಕಾಲದಲ್ಲಿಯೇ ತೊಡಗುವುದು ಲೇಸು. ಮುಖದ ಹೆಸರು, ಜಾತ್ರೆಯ ಊರು, ಕೆಡವಿದ ಮನೆಯ ಬೀದಿ—ಇವು ನೆಗೆಟಿವಿನಲ್ಲಿಲ್ಲ, ಅವನ ನೆನಪಿನಲ್ಲಿವೆ. ಮೈಸೂರಿನ ಟಿ. ಎಸ್. ಸತ್ಯನ್ (೧೯೨೩–೨೦೦೯) ಅವರು ಚಿತ್ರಗಳನ್ನು ಪುಸ್ತಕರೂಪದಲ್ಲಿ ಹೊರತಂದುದಲ್ಲದೆ, ‘ಕಾಲಕ್ಕೆ ಕನ್ನಡಿ’ ಎಂಬ ಕೃತಿಯಲ್ಲಿ ತಮ್ಮ ನೆನಪುಗಳನ್ನು ಕನ್ನಡದಲ್ಲಿ ಬರೆದಿಟ್ಟರು. ಅವರ ಚಿತ್ರಗಳನ್ನು ಅಭ್ಯಾಸ ಮಾಡುವವರಿಗೆ ಅದು ದೊಡ್ಡ ಆಸರೆ. ಎಲ್ಲರೂ ಪುಸ್ತಕ ಬರೆಯಲಾರರು. ಆದರೆ ಊರಿನ ಸ್ಟುಡಿಯೋದಲ್ಲಿ ಮೂರು ತಲೆಮಾರುಗಳ ಮದುವೆ ಮುಂಜಿಗಳನ್ನು ಚಿತ್ರಿಸಿದ ವೃದ್ಧನ ಬಳಿ ಕುಳಿತು, ಪ್ರತಿಗಳನ್ನು ಒಂದೊಂದಾಗಿ ತೋರಿಸುತ್ತ, ಅವನು ಹೇಳಿದುದನ್ನು ಬರೆದುಕೊಳ್ಳುವ ಕೆಲಸ ನಮ್ಮ ಕಾಲೇಜುಗಳ ವಿದ್ಯಾರ್ಥಿಗಳಿಗೆ ಮೀರಿದುದಲ್ಲ.

ಇದಕ್ಕೆ ಬೇಕಾದುದು ಒಂದು ದಾಖಲೆಪುಸ್ತಕ. ಹಳೆಯ ಅಂಕಿ, ಪೆಟ್ಟಿಗೆಯ ಗುರುತು, ಹಿಂಬದಿಯ ಬರಹ, ಸ್ಥಳ, ಕಾಲ, ಚಿತ್ರದಲ್ಲಿರುವವರು, ಹೇಳಿದವರು, ಬರೆದುಕೊಂಡ ದಿನ—ಹೀಗೆ ಎಂಟು ಅಂಕಣಗಳು ಸಾಕು. ತಿಳಿಯದ ಅಂಕಣವನ್ನು ಊಹೆಯಿಂದ ತುಂಬದೆ ಬರಿದಾಗಿಯೇ ಬಿಡಬೇಕು. ಬರಿದಾದ ಅಂಕಣ ಮುಂದಿನವನನ್ನು ಹುಡುಕಲು ಕರೆಯುತ್ತದೆ, ತಪ್ಪು ತುಂಬಿದ ಅಂಕಣ ಅವನನ್ನು ದಾರಿ ತಪ್ಪಿಸುತ್ತದೆ. ಪೆಟ್ಟಿಗೆಗಳನ್ನು ವಿಭಾಗಕ್ಕೆ ತರುವ ಮುನ್ನ ಅವು ಇದ್ದ ಕಪಾಟಿನ ಚಿತ್ರವೊಂದನ್ನು ಇದ್ದಂತೆಯೇ ತೆಗೆದುಕೊಳ್ಳುವುದು ಒಳಿತು. ಭಂಡಾರದ ಮೊದಲ ದಾಖಲೆ ಅದೇ.